ಮಮಸೋಲಿಯ ಹೆಲಿಕಾಪ್ಟರ್ ಮುರಿದ ರೊಟ್ಟಿ

ಮರ್ಗಿಲಾನ್ ಊರಿನ ನಮ್ಮ ಮೊಹಲ್ಲಾದಲ್ಲಿ ನೀರಿನ ಮೀಟರ್ ಓದುವ ಮಮಸೋಲಿ ಬಂದನೆಂದರೆ ಯಾರೂ ಹೆದರುತ್ತಿರಲಿಲ್ಲ, ಯಾರೂ ಎದ್ದು ನಿಲ್ಲುತ್ತಲೂ ಇರಲಿಲ್ಲ. "ಬಾ, ಓದ್ಕೊಂಡು ಹೋಗು" ಎನ್ನುತ್ತಿದ್ದರು, ಅಷ್ಟೇ. ಸರ್ಕಾರಿ ಕೆಲಸದಲ್ಲಿರುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನು ಬೇಕು? ಈ ಕೊರಗನ್ನು ಮರೆಯಲು ಮಮಸೋಲಿಯ ಬಳಿ ಒಂದೇ ಒಂದು ಆಸ್ತಿಯಿತ್ತು. ಹಿಂದೆ ಸೋವಿಯತ್ ಸೈನ್ಯದಲ್ಲಿ ಅವನು ಹೆಲಿಕಾಪ್ಟರ್ ದಳದಲ್ಲಿದ್ದ.

ದಳದಲ್ಲಿದ್ದದ್ದು ನಿಜ. ಆ ದಳದ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದದ್ದೂ ಅಷ್ಟೇ ನಿಜ. ಎರಡು ನಿಜಗಳಿದ್ದಾಗ ಯಾವುದನ್ನು ಮೊದಲು ಹೇಳಬೇಕೆಂಬುದು ಹೇಳುವವನ ಇಷ್ಟ. ಮಮಸೋಲಿ ಮೊದಲನೆಯದನ್ನು ಹೇಳಿ ಮುಗಿಸುವಷ್ಟರಲ್ಲಿ ಚಹಾ ಖಾಲಿಯಾಗಿ ಜನ ಎದ್ದಿರುತ್ತಿದ್ದರು. ಹೀಗೆ ಮೂವತ್ತು ವರ್ಷ ಕಳೆದರೂ ಆಲೂಗಡ್ಡೆಯ ಸರದಿ ಬರಲೇ ಇಲ್ಲ.

ತಿಂಗಳಿಗೊಮ್ಮೆ ಗೆಳೆಯರೆಲ್ಲ ಒಬ್ಬನ ಮನೆಯಲ್ಲಿ ಸೇರಿ ಪಲಾವ್ ತಿನ್ನುವ ಕೂಟವೊಂದಿತ್ತು. ಅಲ್ಲಿ ಒಂದು ದಿನ ಕ್ಷೌರಿಕ ಜೋಕಿರ್ ಬೆರಳು ನೆಕ್ಕುತ್ತಾ ಹೇಳಿದ:

"ಮಮಸೋಲಿ, ಬಜಾರಲ್ಲಿ ಪುಟಾಣಿ ಹೆಲಿಕಾಪ್ಟರ್ ಬಂದಿದೆಯಂತೆ. ರಿಮೋಟಲ್ಲಿ ಹಾರುತ್ತಂತೆ. ಮುಂದಿನ ಕೂಟಕ್ಕೆ ಒಂದು ತಂದು ಹಾರಿಸಿ ತೋರಿಸು ಮಾರಾಯ. ಇಷ್ಟು ವರ್ಷ ಕಿವೀಲಿ ಕೇಳಿದ್ದಾಯ್ತು, ಒಂದ್ಸಲ ಕಣ್ಣಲ್ಲೂ ನೋಡ್ಬಿಡೋಣ."

"ಅದೇನು ಮಹಾ" ಎಂದ ಮಮಸೋಲಿ. ಮನುಷ್ಯನ ಬಾಳಿನಲ್ಲಿ ಹಾಳಾದ ಕೆಲಸಗಳೆಲ್ಲ ಸಾಮಾನ್ಯವಾಗಿ ಈ ಎರಡು ಪದಗಳಿಂದಲೇ ಶುರುವಾಗುತ್ತವೆ.

ಬಜಾರಿನ ಆಟಿಕೆ ಅಂಗಡಿಯ ಸೊಬಿರ್ ಗಿರಾಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಕಲಿತೋರಿಗೆ ಬೇಕಾ ಅಣ್ಣ, ಕಲಿಯೋರಿಗಾ?"

"ನಾನು ಹೆಲಿಕಾಪ್ಟರ್ ದಳದವನು" ಎಂದ ಮಮಸೋಲಿ. ಆಮೇಲೆ ದನಿ ತಗ್ಗಿಸಿ, "ಕಲಿಯೋರದ್ದು ತೋರಿಸು. ಪರಿಚಯದವನೊಬ್ಬನಿಗೆ ಬೇಕು."

"ಒಳ್ಳೇದಾಯ್ತು. ಕಲಿತೋರದ್ದು ಒಂದು ಹಸುವಿನ ಬೆಲೆ. ಬಿದ್ರೆ ಹಸು ಸತ್ತಂಗೆ. ಇದು ಕೋಳಿ ಬೆಲೆ. ಹೋದ್ರೆ ಒಂದು ಕೋಳಿ ಹೋಯ್ತು ಅಂದ್ಕೋಬಹುದು."

"ಅಂದ್ರೆ ಬೀಳುತ್ತಾ?"

"ಎಲ್ಲಾದ್ರೂ ಉಂಟಾ? ಕೈ ಹೇಳಿದ ಕಡೆ ಹೋಗುತ್ತೆ, ಕೈ ಹೇಳಿದ ಕಡೆ ಇಳಿಯುತ್ತೆ."

"ಹಾಗಿದ್ರೆ ಡಬ್ಬದಲ್ಲಿ ಹೆಚ್ಚಿಗೆ ರೆಕ್ಕೆ ಯಾಕೆ ಇಟ್ಟಿದಾರೆ?"

"ಹೊಸ ಅಂಗಿ ತಗೊಂಡ್ರೆ ಹೆಚ್ಚಿಗೆ ಗುಂಡಿ ಕೊಡಲ್ವಾ? ಹಾಗಂತ ಗುಂಡಿ ಉದುರುತ್ತಾ?"

ಮಮಸೋಲಿಯ ಅಂಗಿಯಲ್ಲಿ ಆಗಲೇ ಎರಡು ಗುಂಡಿ ಇರಲಿಲ್ಲ. ಆದರೂ ವಾದ ಅವನಿಗೆ ಹಿಡಿಸಿತು. "ಸರಿ ಹೋಗ್ದಿದ್ರೆ ದುಡ್ಡು ವಾಪಸ್ ಕೊಡ್ಬೇಕು" ಎಂದು ಒಂದು ಮಾತು ಎಸೆದು, ಡಬ್ಬವನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟ.

ಮನೆಯಲ್ಲಿ ಹೆಂಡತಿ ಉಮ್ರಿನಿಸಾ ಡಬ್ಬವನ್ನು ನೋಡಿ, ಆಮೇಲೆ ಗಂಡನನ್ನು ನೋಡಿದಳು. "ಮಗ ಇಖ್ತಿಯೋರ್‌ಗೆ ಇಪ್ಪತ್ತಾರಾಯ್ತು, ಇನ್ನೂ ಮದುವೆ ಇಲ್ಲ. ನಮಗೆ ಮೊಮ್ಮಕ್ಕಳೂ ಇಲ್ಲ. ಈ ಆಟಿಕೆ ಯಾವ ಮನೆ ಮಗುವಿಗೆ?"

"ನನಗೇ ಕಣೇ."

"ಐವತ್ತಾರು ವರ್ಷದ ಗಂಡಸು ಆಟಿಕೆ ತಂದು ನನಗೇ ಅಂತಾನೆ ಅಂದ್ರೆ ಅದನ್ನ ನಂಬೋಕೆ ನಾನೇನು ನಿನ್ನೆ ಹುಟ್ಟಿದವಳಾ?" ಎಂದು ಅವಳು ಸಂಜೆಯವರೆಗೂ ಮಾತು ಬಿಟ್ಟಳು. ಆ ಹೆಲಿಕಾಪ್ಟರಿನ ಮೇಲೆ ಬಿದ್ದ ಮೊದಲ ಅನುಮಾನ ಇದು. ಆಮೇಲೆ ಸಾಲು ನಿಲ್ಲಲಿಲ್ಲ.

ಮಮಸೋಲಿ ಅಭ್ಯಾಸ ಶುರು ಮಾಡಿದ. ಯಂತ್ರಕ್ಕೆ ಒಂದು ಗುಣವಿತ್ತು. ಅಂಗಳದಲ್ಲಿ ಗೋಡೆಯ ನೆರಳಿರುವಷ್ಟು ಎತ್ತರಕ್ಕೆ ರಿಮೋಟಿನ ಮಾತು ಕೇಳುತ್ತಿತ್ತು. ಗೋಡೆ ದಾಟಿ ಬಿಸಿಲಿಗೆ ಬಂದ ಕೂಡಲೇ ಕಿವುಡಾಗಿಬಿಡುತ್ತಿತ್ತು. ಆಮೇಲೆ ಅದು ಗಾಳಿಯ ಸ್ವತ್ತು. ಹೋದ ಬಾರಿ ಇಳಿದ ಕಡೆ ಈ ಬಾರಿ ಇಳಿಯುತ್ತಿರಲಿಲ್ಲ. ಒಮ್ಮೆ ಕೋಳಿಗೂಡಿನ ಮೇಲೆ ಬಿದ್ದರೆ ಇನ್ನೊಮ್ಮೆ ದ್ರಾಕ್ಷಿ ಚಪ್ಪರದಲ್ಲಿ ಸಿಕ್ಕಿಕೊಂಡು ಜೀರುಂಡೆಯ ಹಾಗೆ ಕಿರುಗುಟ್ಟುತ್ತಿತ್ತು. ಹಾರುವುದು ಸ್ವಲ್ಪ ಹೊತ್ತು, ಬ್ಯಾಟರಿ ತುಂಬಿಸುವುದು ತುಂಬಾ ಹೊತ್ತು. ಡಬ್ಬದಲ್ಲಿದ್ದ ಹೆಚ್ಚಿನ ರೆಕ್ಕೆ ಮೊದಲ ದಿನವೇ ಮುಗಿಯಿತು.

ಗೋಡೆಗಳ ಮೇಲೆ ಝೇಂಕಾರ ಕೇಳಿದ್ದೇ ತಡ, ಮೊಹಲ್ಲಾ ಕಿವಿ ನಿಮಿರಿಸಿತು. ಮೀಟರ್ ಓದುವವನು ಆಕಾಶಕ್ಕೆ ಯಂತ್ರ ಬಿಡುತ್ತಾನೆಂದರೆ ಅದಕ್ಕೆ ಅರ್ಥ ಒಂದೇ. ಇಲಾಖೆಯವರು ಈಗ ಮೇಲಿಂದ ನೋಡುತ್ತಿದ್ದಾರೆ. ಆ ಮಧ್ಯಾಹ್ನವೇ ಮೀಟರಿಗೆ ಗೊತ್ತಿಲ್ಲದ ಹಾಗೆ ತರಕಾರಿ ಮಡಿಗೆ ನೀರು ಕುಡಿಸುತ್ತಿದ್ದ ಕೊಳವೆಗಳೆಲ್ಲ ಮಂಚದ ಕೆಳಗೆ ಸೇರಿದವು. ಟೊಮೇಟೊ ಗಿಡಗಳು ಬಾಡಿದವು. ಜೀವಮಾನದಲ್ಲಿ ಮೊದಲ ಸಲ ಜನ ಮಮಸೋಲಿಯನ್ನು ಕಂಡರೆ ಎದ್ದು ನಿಂತು, "ಬನ್ನಿ ಅಣ್ಣ, ಚಹಾ ಕುಡಿದು ಹೋಗಿ" ಎನ್ನತೊಡಗಿದರು. ಅವನಿಗೆ ಕಾರಣ ಗೊತ್ತಾಗಲಿಲ್ಲ. ಹೆಲಿಕಾಪ್ಟರ್ ದಳಕ್ಕೆ ಕೊನೆಗೂ ಸಿಕ್ಕ ಮರ್ಯಾದೆ ಎಂದುಕೊಂಡು ಎಲ್ಲರ ಮನೆಯಲ್ಲೂ ಕುಡಿದ.

ಮೊಹಲ್ಲಾದ ಅಧ್ಯಕ್ಷ ನೊರ್ಮತ್ ಖುದ್ದಾಗಿ ಬಂದರು. ಅವರ ಮನೆಯ ಹಿಂದೆ ಎಲ್ಲರದಕ್ಕಿಂತ ದಪ್ಪದ ಕೊಳವೆಯಿತ್ತು.

"ಇದಕ್ಕೆ ಕಣ್ಣಿದೆಯಾ?" ಎಂದು ಯಂತ್ರವನ್ನು ತಿರುಗಿಸಿ ನೋಡಿದರು.

"ಇಲ್ಲ ಅಧ್ಯಕ್ಷರೇ, ಬರೀ ದೀಪ."

"ಕಣ್ಣಿಲ್ದೆ ಇದ್ರೆ ದೀಪ ಯಾಕೆ?"

ಅಧ್ಯಕ್ಷರು ತಲೆಯಾಡಿಸಿ ಮನೆಗೆ ಹೋಗಿ ಕೊಳವೆಯನ್ನು ನೆಲದೊಳಗೆ ಹೂತರು.

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಮಸೋಲಿಯ ಪಕ್ಕದ ಮನೆಯಲ್ಲಿದ್ದವರು ಹೋಶಿಮ್ ಮೇಷ್ಟ್ರು. ನಿವೃತ್ತ ಮುಖ್ಯೋಪಾಧ್ಯಾಯರು. ಪರೀಕ್ಷೆಯಲ್ಲಿ ಒಬ್ಬ ಹುಡುಗ ಸರಿಯುತ್ತರ ಬರೆದರೆ ಯಾರನ್ನು ನೋಡಿ ಬರೆದ ಎಂದು ಹುಡುಕುತ್ತಿದ್ದವರು. "ಚೆನ್ನಾಗಿದೀರಾ ಮೇಷ್ಟ್ರೇ?" ಎಂದು ಕೇಳಿದರೆ, "ಯಾಕೆ, ಏನು ಕೇಳಿಪಟ್ಟೆ?" ಎನ್ನುವವರು. ಅವರಿಗೆ ಮದುವೆಗೆ ಬಂದ ಮಗಳಿದ್ದಳು, ಮುನವ್ವರ್, ಆಸ್ಪತ್ರೆಯಲ್ಲಿ ನರ್ಸು. ಹೆಣ್ಣಿರುವ ಮನೆಯ ಅಂಗಳದ ಮೇಲೆ ಏನು ಹಾರಿದರೂ ಅದು ಬರೀ ಹಾರಾಟವಲ್ಲ. ನಮ್ಮಲ್ಲಿ ಹುಡುಗನ ಮನೆಯವರು ಹೆಣ್ಣು ಕೇಳುವ ಮುಂಚೆ ಮನೆ ಹೇಗಿದೆ, ಅಂಗಳ ಗುಡಿಸಿದೆಯೇ, ಹುಡುಗಿ ಎಷ್ಟು ಹೊತ್ತಿಗೆ ಏಳುತ್ತಾಳೆ ಎಂದು ನೆರೆಹೊರೆಯಲ್ಲಿ ಮೆಲ್ಲಗೆ ವಿಚಾರಿಸುವುದುಂಟು.

"ಅಂಗಡಿಗೆ ಹೋದ ನೆಪ ಮಾಡಿ ವಿಚಾರಿಸ್ತಾರೆ, ಉಪ್ಪು ಕೇಳೋ ನೆಪದಲ್ಲಿ ವಿಚಾರಿಸ್ತಾರೆ" ಎಂದರು ಮೇಷ್ಟ್ರು ಗೋಡೆಯಾಚೆಯಿಂದ. "ಆಕಾಶದಿಂದ ವಿಚಾರಿಸೋದು ಇದೇ ಮೊದಲು. ಯಾರು ಕಳಿಸಿದ್ದು ಹೇಳು ಮಮಸೋಲಿ."

"ಯಾರೂ ಇಲ್ಲ ಮೇಷ್ಟ್ರೇ. ತಾನಾಗೇ ಬರುತ್ತೆ."

"ತಾನಾಗೇ ಬರೋದಾದ್ರೆ ಎಡಗಡೆ ಮನೆಗೆ ಯಾಕೆ ಹೋಗಲ್ಲ? ಅಲ್ಲಿ ಮುದುಕಿ ಒಬ್ಬಳೇ ಇದಾಳೆ ಅಂತಾನಾ?"

ಎಡಗಡೆಯಿಂದ ಗಾಳಿ ಬೀಸುತ್ತದೆ ಎಂದು ಮಮಸೋಲಿ ಹೇಳಬಹುದಿತ್ತು. ಆದರೆ ಗಾಳಿಯ ಮಾತು ಕೇಳುವ ಹೆಲಿಕಾಪ್ಟರಿಗೆ ಪೈಲಟ್ ಯಾಕೆ ಎಂದು ಯಾರಾದರೂ ಕೇಳಿಯಾರು.

ಕೂಟದ ಹಿಂದಿನ ದಿನ, ಮಟಮಟ ಮಧ್ಯಾಹ್ನ, ಅವನು ಕೊನೆಯ ಅಭ್ಯಾಸಕ್ಕೆ ನಿಂತ. ಪಕ್ಕದ ಮನೆಯಲ್ಲಿ ಅವತ್ತು ನಂಟರ ಸದ್ದು. ಬಜಾರಿನ ತೂಕ ಪರೀಕ್ಷಕರ ಮನೆಯಿಂದ ಸಬೋಹತ್ ಎಂಬ ದೊಡ್ಡ ಹೆಂಗಸು ತನ್ನ ಮಗನಿಗೆ ಮುನವ್ವರ್‌ಳನ್ನು ಕೇಳಲು ಮೂರನೇ ಸಲ ಬಂದಿದ್ದಳು. ಅಂಗಳದ ಮರದ ಮಂಚದ ಮೇಲೆ ಹಾಸುಬಟ್ಟೆ ಹಾಸಿ, ನಡುವೆ ಎರಡು ನಾನ್ ರೊಟ್ಟಿ ಇಟ್ಟಿದ್ದರು. ಹಿರಿಯರು ಒಪ್ಪಿ ಆ ರೊಟ್ಟಿ ಮುರಿದರೆ ಮಾತು ಮುಗಿಯಿತು. ಮುರಿದ ರೊಟ್ಟಿಯಿಂದ ಹಿಂದೆ ಸರಿಯುವುದಿಲ್ಲ.

ಗೋಡೆಯಾಚೆ ಸಬೋಹತ್‌ಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. "ನಮ್ಮನೆ ಸೊಸೆಯಂದಿರು ಕೆಲಸಕ್ಕೆ ಹೋಗಲ್ಲ ಮೇಷ್ಟ್ರೇ. ಸೂಜಿ ಚುಚ್ಚೋದೆಲ್ಲ ಸಾಕು. ಮನೆ ತುಂಬಾ ಜನ ಇದಾರೆ, ಬೇಯಿಸೋಕೆ ಕೈ ಬೇಕು. ಇನ್ನು ಯೋಚನೆ ಯಾಕೆ, ರೊಟ್ಟಿ ಮುರೀರಿ."

"ಇಷ್ಟು ಅವಸರ ಯಾಕೆ ನಿಮಗೆ?" ಎಂದರು ಮೇಷ್ಟ್ರು. "ಹುಡುಗನಿಗೆ ಏನಾದ್ರೂ ಇದೆಯಾ?"

ಅಷ್ಟರಲ್ಲಿ ಹೆಲಿಕಾಪ್ಟರ್ ನೆರಳು ದಾಟಿತು. ಮಮಸೋಲಿ ಗುಂಡಿ ಒತ್ತಿದ. ಬಲಕ್ಕೆ ಒತ್ತಿದ, ಎಡಕ್ಕೆ ಒತ್ತಿದ, ಅಲ್ಲಾಹನ ಹೆಸರು ಹೇಳಿ ನಡುವೆ ಒತ್ತಿದ. ಯಂತ್ರ ಗೋಡೆಯಾಚೆ ಮುಳುಗಿತು. ಒಂದು ಚೀರಾಟ, ಒಂದು ಲೋಟ ಒಡೆದ ಸದ್ದು, ಆಮೇಲೆ ಸಬೋಹತ್‌ಳ ದನಿ:

"ರೊಟ್ಟಿ ಮುರೀತು."

ಮಮಸೋಲಿ ಏಣಿ ಹಾಕಿ ಗೋಡೆಯ ಮೇಲಿಂದ ಇಣುಕಿದ. ಹೆಣ್ಣಿನ ಮನೆಯ ಅಂಗಳಕ್ಕೆ ಇಣುಕುವುದು ಇನ್ನೊಂದು ಅಪರಾಧ ಎಂದು ಆಮೇಲೆ ಹೊಳೆಯಿತು. ಸಬೋಹತ್ ಅರ್ಧ ಮಂಚದ ಕೆಳಗಿದ್ದಳು. ಮೇಷ್ಟ್ರು ಬಾದಾಮಿಯ ತಟ್ಟೆಯನ್ನು ತಲೆಯ ಮೇಲೆ ಹಿಡಿದಿದ್ದರು. ಚಹಾ ತಂದಿದ್ದ ಮುನವ್ವರ್ ಹಾಸಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ಹೆಲಿಕಾಪ್ಟರ್ ದ್ರಾಕ್ಷಿ ತಟ್ಟೆಯಲ್ಲಿ ಅಂಗಾತ ಬಿದ್ದು ಕಾಲಾಡಿಸುತ್ತಿತ್ತು. ನಡುವೆ ಒಂದು ರೊಟ್ಟಿ, ಸರಿಯಾಗಿ ಎರಡು ತುಂಡು.

"ಮುಗೀತು" ಎಂದಳು ಸಬೋಹತ್ ಮಂಚದ ಕೆಳಗಿಂದ ಹೊರಬರುತ್ತಾ. "ನನ್ನ ಕಣ್ಣ ಮುಂದೆ ಮುರೀತು. ದೇವರೇ ಮುರಿದ. ಹುಡುಗಿ ನಮ್ಮವಳು."

"ದೇವರಿಗೆ ರೆಕ್ಕೆ ತಿರುಗಿಸೋ ಬ್ಯಾಟರಿ ಬೇಕಾ?" ಎಂದರು ಮೇಷ್ಟ್ರು. "ಮುರಿದದ್ದು ಇವನ ಯಂತ್ರ. ಇದರಲ್ಲೇನೋ ಇದೆ. ಅಧ್ಯಕ್ಷರನ್ನ ಕರೀರಿ."

ಅಧ್ಯಕ್ಷರು ಬಂದರು. ಅವರ ಹಿಂದೆ ಮೊಹಲ್ಲಾ ಬಂತು, ಏಣಿ ಇಳಿದ ಮಮಸೋಲಿಯೂ ಬಂದ. ನೀರಿನ ವಿಷಯವಲ್ಲ ಎಂದು ಗೊತ್ತಾದ ಮೇಲೆ ಎಲ್ಲರ ಮುಖದಲ್ಲೂ ಕಳೆ ಬಂದಿತ್ತು. ಅಧ್ಯಕ್ಷರು ಮುರಿದ ರೊಟ್ಟಿಯ ಎದುರು ಕೂತು, ಗಡ್ಡ ನೀವಿ, ತೀರ್ಪಿನ ದಾರಿ ಹೇಳಿದರು:

"ಯಂತ್ರ ತಾನಾಗಿ ಬಿದ್ರೆ ಅದು ಮೇಲಿನವನ ಇಚ್ಛೆ. ರೊಟ್ಟಿ ಮುರಿದಾಗ ಹಾಸಿನ ಮೇಲಿದ್ದದ್ದು ಸಬೋಹತ್ ಅಕ್ಕನ ಮಾತು. ಹುಡುಗಿ ಅವರ ಮನೆಗೆ. ಆದ್ರೆ ಮಮಸೋಲಿ ಬೇಕೂಂತಲೇ ಅಲ್ಲಿ ಇಳಿಸಿದ್ದಾದ್ರೆ, ರೊಟ್ಟಿ ಮುರಿದದ್ದು ಮಮಸೋಲಿ ಮನೆ. ಅವನಿಗೂ ಮದುವೆಗೆ ಬಂದ ಮಗ ಇದಾನೆ. ಹೇಳಪ್ಪ. ಬಿತ್ತೋ, ಇಳಿಸಿದೆಯೋ?"

ಮಮಸೋಲಿಯ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ಬಿತ್ತು. ಹಾಗೆಂದರೆ ಸೊಬಿರನ ಬಳಿ ದುಡ್ಡು ವಾಪಸ್ ಕೇಳಬಹುದು, ಮೇಷ್ಟ್ರ ಕೋಪವೂ ತಪ್ಪುತ್ತದೆ. ಹೋದರೆ ಹೆಲಿಕಾಪ್ಟರ್ ದಳದ ಮಾನವೊಂದು ಹೋಗುತ್ತದೆ. ಅವನು ಬಾಯಿ ತೆರೆಯುವಷ್ಟರಲ್ಲಿ ಮಗ ಇಖ್ತಿಯೋರ್ ತೋಳು ಹಿಡಿದು ಪಕ್ಕಕ್ಕೆ ಎಳೆದ. ಇಖ್ತಿಯೋರ್ ಅದೇ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್.

"ಅಪ್ಪ, ಇಳಿಸಿದೆ ಅಂತ ಹೇಳು."

"ಏನೋ ಅಂತೀಯ? ಅದು ನನ್ನ ಮಾತೇ ಕೇಳಲ್ಲ ಕಣೋ."

"ಗೊತ್ತು. ಆಲೂಗಡ್ಡೆನೂ ಗೊತ್ತು. ಅಮ್ಮ ಹೇಳಿದಾಳೆ." ಹುಡುಗನ ಕಿವಿ ಕೆಂಪಾಗಿತ್ತು. "ಆ ಮನೆಗೆ ಹೋದ್ರೆ ಅವಳ ಕೆಲಸ ಬಿಡಿಸ್ತಾರೆ. ಅವಳಿಗೆ ಇಷ್ಟ ಇಲ್ಲ. ನನಗಂತೂ... ಮೂವತ್ತು ವರ್ಷ ಸುಳ್ಳು ಹೇಳಿದೀಯಲ್ಲಪ್ಪ, ನನಗೋಸ್ಕರ ಇನ್ನೊಂದ್ಸಲ ಹೇಳು."

ಮಮಸೋಲಿ ಮಗನನ್ನು ನೋಡಿದ, ಚಹಾದ ಕೆಟಲ್ ಹಿಡಿದು ನಿಂತ ಹುಡುಗಿಯನ್ನು ನೋಡಿದ. ತನ್ನ ಸುಳ್ಳು ಯಾರಿಗಾದರೂ ಬೇಕಾದದ್ದು ಇದೇ ಮೊದಲು.

"ಇಳಿಸಿದೆ" ಎಂದ, ದಳದ ದನಿಯಲ್ಲಿ. "ನೋಡಿ, ಲೆಕ್ಕ ಹಾಕಿ, ರೊಟ್ಟಿಯ ಮೇಲೇ ಇಳಿಸಿದೆ."

"ಸುಳ್ಳು" ಎಂದಳು ಸಬೋಹತ್. "ಇಂಥ ಅಗ್ಗದ ಮಾಲು ಹೇಳಿದ ಹಾಗೆ ಕೇಳುತ್ತಾ? ನಮ್ಮ ಮನೇಲೂ ಒಂದು ತಂದಿದ್ರು, ಎರಡನೇ ದಿನಕ್ಕೆ ಕಸಕ್ಕೆ ಹೋಯ್ತು. ಮಾರಿದವನನ್ನೇ ಕರೆಸಿ ಕೇಳಿ."

ಸೊಬಿರನನ್ನು ಬಜಾರಿನಿಂದ ಹಿಡಿದು ತಂದರು. ಅಷ್ಟು ಜನರನ್ನು ನೋಡಿ, ದುಡ್ಡು ವಾಪಸ್ ಕೇಳಲು ಇಡೀ ಮೊಹಲ್ಲಾ ಸೇರಿದೆ ಎಂದೇ ಅವನು ತಿಳಿದ.

"ಕೈ ಹೇಳಿದ ಕಡೆ ಹೋಗುತ್ತೆ ಅಧ್ಯಕ್ಷರೇ" ಎಂದ, ಯಾರೂ ಕೇಳುವ ಮೊದಲೇ. "ಕೂದಲೆಳೆಯಷ್ಟೂ ತಪ್ಪಲ್ಲ. ಇದು ಎಲ್ಲಿ ಬಿದ್ದಿದ್ರೂ ಅದು ಬಿದ್ದದ್ದಲ್ಲ, ಬಿಟ್ಟದ್ದು. ನನ್ನ ಮಾಲಿನ ಮೇಲೆ ಆಣೆ."

"ತೂಕ ಪರೀಕ್ಷಕರ ಮನೆಯವರ ಮುಂದೆ ಆಣೆ ಮಾಡ್ತಾ ಇದೀಯ, ನೆನಪಿರಲಿ" ಎಂದಳು ಸಬೋಹತ್.

ಸೊಬಿರ್ ಬೆವರಿದ. ಆದರೆ ಅಂಗಡಿಯಲ್ಲಿ ಇನ್ನೂ ನಲವತ್ತು ಡಬ್ಬ ಇದ್ದವು, ಮೊಹಲ್ಲಾ ಇಡೀ ಕೇಳುತ್ತಿತ್ತು. "ನಂಬಿಕೆಯ ಮಾಲು" ಎಂದ ಮತ್ತೆ.

ಅಧ್ಯಕ್ಷರಿಗೆ ಇಬ್ಬರ ಮೇಲೂ ಅನುಮಾನ. "ಹಾಗಾದ್ರೆ ಇನ್ನೊಂದ್ಸಲ ಇಳಿಸಲಿ. ಎರಡನೇ ರೊಟ್ಟಿ ಹಾಗೇ ಇದೆಯಲ್ಲ."

ಬ್ಯಾಟರಿ ತುಂಬುವವರೆಗೆ ಜನ ಕಾದರು. ಮೇಷ್ಟ್ರು ರೊಟ್ಟಿಯನ್ನು ಹಾಸಿನ ನಡುವೆ ತಾವೇ ಇಟ್ಟು, ಅದರ ಪಕ್ಕ ಏನೂ ಇಲ್ಲವೆಂದು ಹಾಸು ಎತ್ತಿ ನೋಡಿದರು. ಸಬೋಹತ್ ಒಂದು ಕಡೆ ಕೂತಳು, ಅಧ್ಯಕ್ಷರು ಇನ್ನೊಂದು ಕಡೆ. "ಬಂದವರ ಚಹಾ ತಣ್ಣಗಾಯ್ತು" ಎಂದು ಮುನವ್ವರ್ ಕೆಟಲ್ ಹಿಡಿದು ನಡುವೆ ಬಂದಳು. ಮಮಸೋಲಿ ತನ್ನ ಗೋಡೆಯ ಮೇಲೆ, ಏಣಿಯ ತುದಿಯಲ್ಲಿ ರಿಮೋಟ್ ಹಿಡಿದು ನಿಂತ. ಏಣಿಯನ್ನು ಕೆಳಗೆ ಉಮ್ರಿನಿಸಾ ಹಿಡಿದಿದ್ದಳು.

"ಮಗನ ಬಾಳು ನಿನ್ನ ಕೈಲಿದೆ" ಎಂದಳು. "ಆಲೂಗಡ್ಡೆ ಸುಲಿದ ಕೈ ಅಂತ ನೆನೆಸ್ಕೊಂಡ್ರೆ ನನ್ನ ಕಾಲು ನಡುಗ್ತಾ ಇದೆ."

"ನಿನ್ನ ಕಾಲು ನಡುಗಿದ್ರೆ ನನ್ನ ಏಣಿ ನಡುಗುತ್ತೆ ಕಣೇ. ಸುಮ್ಮನಿರು."

ಹೆಲಿಕಾಪ್ಟರ್ ಎದ್ದಿತು. ಸಂಜೆಯ ನೆರಳಿದ್ದುದರಿಂದ ಮೊದಲು ವಿಧೇಯವಾಗಿ ಹಾಸಿನ ಕಡೆಗೇ ಹೋಯಿತು. ಅಷ್ಟರಲ್ಲಿ ಮಮಸೋಲಿಯ ಬೆವರಿದ ಹೆಬ್ಬೆರಳು ಜಾರಿತು. ಯಂತ್ರ ಹುಚ್ಚೆದ್ದು ಬುಗುರಿಯ ಹಾಗೆ ತಿರುಗಿತು, ಸಬೋಹತ್‌ಳ ತಲೆಯ ಮೇಲೆ ಎರಡು ಸುತ್ತು ಹಾಕಿ ಅವಳ ಮುಖಕ್ಕೇ ಎರಗಿತು. ಅವಳು ಮಂಚದ ಕೆಳಗೆ, ಮೇಷ್ಟ್ರು ತಟ್ಟೆಯ ಕೆಳಗೆ, ಅಧ್ಯಕ್ಷರು ಕಣ್ಣು ಮುಚ್ಚಿ ಕಲಿಮಾ ಪ್ರಾರ್ಥನೆಯ ಮೊದಲ ಮಾತಿನಲ್ಲಿ. ಬಾಗಿಲಲ್ಲಿ ನಿಂತ ಜನ ಒಬ್ಬರ ಬೆನ್ನ ಹಿಂದೆ ಒಬ್ಬರು.

ಸದ್ದು ನಿಂತಿತು. ಎಲ್ಲರೂ ಮೆಲ್ಲಗೆ ಕಣ್ಣು ಬಿಟ್ಟರು.

ಎರಡನೇ ರೊಟ್ಟಿ ಹಾಸಿನ ನಡುವೆ ಎರಡು ತುಂಡಾಗಿ ಬಿದ್ದಿತ್ತು.

"ಇಳಿಸಿದ" ಎಂದು ಸೊಬಿರ್ ಎರಡೂ ಕೈ ಎತ್ತಿದ. "ಹೇಳಲಿಲ್ವಾ ನಾನು?"

ಬಾಗಿಲಲ್ಲಿ ಗುಲ್ಲೆದ್ದಿತು. ಗೋಡೆಯ ಮೇಲೆ ಮಮಸೋಲಿ ಬಾಯಿ ಬಿಟ್ಟುಕೊಂಡು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅದರಲ್ಲಿ ಇಂಥ ವಿದ್ಯೆಯಿತ್ತೆಂದು ಅವನಿಗೇ ಗೊತ್ತಿರಲಿಲ್ಲ. ಸಬೋಹತ್ ಮಂಚದ ಕೆಳಗಿಂದ ಎದ್ದು, ಜಾರಿದ ತಲೆವಸ್ತ್ರವನ್ನು ಸರಿ ಮಾಡಿಕೊಂಡು, "ಆಕಾಶದಿಂದ ಹೊಡೆದು ಹೆಣ್ಣು ತಗೊಳ್ಳೋ ಜನರ ನೆರೆಮನೆ ಸಂಬಂಧ ನಮಗೆ ಬೇಡವೇ ಬೇಡ" ಎಂದು ಚಪ್ಪಲಿ ಹುಡುಕಿ ಹೊರಟೇಬಿಟ್ಟಳು.

ಮೇಷ್ಟ್ರೊಬ್ಬರೇ ಹಾಸಿನ ಕಡೆ ನೋಡುತ್ತಿದ್ದರು. ರೊಟ್ಟಿ ಮುರಿದದ್ದು ಹಾಸಿನ ಮೇಲೆ. ಹೆಲಿಕಾಪ್ಟರ್ ಬಿದ್ದಿದ್ದದ್ದು ಅಧ್ಯಕ್ಷರ ಟೋಪಿಯ ಮೇಲೆ. ಅಲ್ಲಿಂದ ಇಲ್ಲಿಗೆ ಒಂದು ಮಾರು ದೂರ. ಅಧ್ಯಕ್ಷರಿಗೆ ಅದಿನ್ನೂ ತಮ್ಮ ತಲೆಯ ಮೇಲಿದೆಯೆಂದೇ ಗೊತ್ತಿರಲಿಲ್ಲ. ಮೇಷ್ಟ್ರು ಕೈ ಚಾಚಿ ಅದನ್ನು ಎತ್ತಿಕೊಂಡರು. ಪ್ಲಾಸ್ಟಿಕ್ ರೆಕ್ಕೆಯನ್ನು ರೊಟ್ಟಿಯ ದಪ್ಪ ಅಂಚಿಗೆ ಒತ್ತಿದರು. ರೊಟ್ಟಿಗೆ ತರಚೂ ಆಗಲಿಲ್ಲ, ರೆಕ್ಕೆ ಬಾಗಿತು. ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ ಬಾಗಿತು.

ಆಗ ಅವರು ತಲೆಯೆತ್ತಿ ಮಗಳನ್ನು ನೋಡಿದರು. ಏಣಿಯ ಮೇಲಿದ್ದ ಮಮಸೋಲಿಯೂ ಅವರ ಕಣ್ಣು ಹೋದ ಕಡೆ ನೋಡಿದ. ಮೊದಲ ರೊಟ್ಟಿ ಮುರಿದಾಗ ನಿಂತ ಹಾಗೆಯೇ ಮುನವ್ವರ್ ಕೆಟಲ್ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಅವಳ ಬೆರಳ ತುದಿಗಳಿಗೆ, ತೋಳಿನ ಅಂಚಿಗೆ, ರೊಟ್ಟಿಯ ಮೇಲಿನ ಎಳ್ಳು ಅಂಟಿತ್ತು.

ನಲವತ್ತು ವರ್ಷ ಎಲ್ಲರ ಮೇಲೂ ಅನುಮಾನಪಟ್ಟ ಮನುಷ್ಯನಿಗೆ ಕೊನೆಗೂ ಒಂದು ನಿಜವಾದ ಸಾಕ್ಷಿ ಕೈಗೆ ಸಿಕ್ಕಿತ್ತು. ಇನ್ನು ಅವರು ಬಿಡುತ್ತಾರೆಯೇ?

"ಮೇಷ್ಟ್ರೇ, ನೀವೇನಂತೀರಿ?" ಎಂದರು ಅಧ್ಯಕ್ಷರು. "ಯಂತ್ರವನ್ನ ಪರೀಕ್ಷೆ ಮಾಡಿದ್ರಲ್ಲ. ನಂಬಬಹುದಾ?"

ಮೇಷ್ಟ್ರು ಬಾಗಿದ ರೆಕ್ಕೆಯನ್ನು ಹೆಬ್ಬೆರಳಿನಿಂದ ನೆಟ್ಟಗೆ ಮಾಡಿ, ಹೆಲಿಕಾಪ್ಟರನ್ನು ತಮ್ಮ ಜೇಬಿಗೆ ಹಾಕಿಕೊಂಡರು.

"ಇಂಥ ನಂಬಿಕಸ್ತ ಯಂತ್ರವನ್ನ ನಾನು ನೋಡೇ ಇಲ್ಲ" ಎಂದರು. "ಮಮಸೋಲಿ, ಏಣಿ ಇಳಿದು ಬಾಗಿಲಲ್ಲಿ ಬಾ. ಹೆಂಡತಿಯನ್ನೂ ಕರ್ಕೊಂಡು ಬಾ. ಸಂಬಂಧ ಮಾತಾಡೋರು ಗೋಡೆ ಮೇಲೆ ನಿಂತು ಮಾತಾಡಲ್ಲ."

ಆಮೇಲೆ ಮಗಳ ಕಡೆ ತಿರುಗದೆಯೇ ಹೇಳಿದರು:

"ಮುನವ್ವರ್, ಬೀಗರು ಬರ್ತಾ ಇದಾರೆ. ಬಿಸಿ ಚಹಾ ತಾ. ಅದಕ್ಕೆ ಮೊದಲು ಕೈ ತೊಳ್ಕೋ."